ಸವೇರಿಯೊನ ಮೆಟ್ಟಿಲು ತೋಟ

ಉತ್ತರ ಕ್ವೀನ್ಸ್‌ಲ್ಯಾಂಡ್, ಆಸ್ಟ್ರೇಲಿಯಾ
3 ಫೆಬ್ರವರಿ 1957

ಕುಮಾರಿ ಒರ್ಸೊಲಾ ಅವರಿಗೆ,

ನಾನು ಸವೇರಿಯೊ, ಮಿಕೆಲಿನಾ ಅತ್ತೆಯ ಅಣ್ಣನ ಮಗ. ನಿಮ್ಮ ಮನೆಯ ಮೇಲಿನ ಓಣಿಯಲ್ಲಿ, ಈಗ ಅತ್ತೆ ಕೋಳಿ ಕೂಡಿಹಾಕುವ ಮನೆಯಲ್ಲಿ ನಾವಿದ್ದೆವು. ಅಪ್ಪನ ಜೊತೆ ಹಡಗು ಹತ್ತಿದಾಗ ನನಗೆ ಹದಿನೈದು. ನೀವಾಗ ಚಿಕ್ಕ ಹುಡುಗಿ, ನೆನಪಿರಲಾರದು.

ನಿಮ್ಮ ತಾಯಿ ತೀರಿಹೋದದ್ದು, ನೀವು ತಮ್ಮನ ಜೊತೆ ಇರುವುದು, ಇಲ್ಲಿಗೆ ಬರಲು ನಿಮಗೆ ಅಡ್ಡಿಯಿಲ್ಲದಿರುವುದು ಎಲ್ಲವನ್ನೂ ಅತ್ತೆ ಬರೆದಿದ್ದಾರೆ. ನನಗೆ ಮೂವತ್ತಾರು. ಕೆಲಸ ಕಬ್ಬಿನದು. ಮನೆ ಇದೆ: ಎರಡು ಕೋಣೆ, ತಗಡಿನ ಮಾಡು, ಮುಂದೆ ಜಗಲಿ. ಕುಡಿಯುವುದು ಊಟದ ಜೊತೆಗೆ ಮಾತ್ರ. ಈ ಕಡೆ ನಮ್ಮವರು ಬಹಳ ಮಂದಿ ಪರೋಕ್ಷ ಮದುವೆ ಮಾಡಿಕೊಳ್ಳುತ್ತಾರೆ. ಅಲ್ಲಿ ಚರ್ಚಿನಲ್ಲಿ ಗಂಡಿನ ಬದಲು ಬೇರೊಬ್ಬ ನಿಂತು ಉಂಗುರ ತೊಡಿಸುತ್ತಾನೆ, ಹೆಣ್ಣು ಆಮೇಲೆ ಹಡಗಿನಲ್ಲಿ ಬರುತ್ತಾಳೆ. ನಿಮಗೆ ಒಪ್ಪಿಗೆಯಿದ್ದರೆ ಬರೆಯಿರಿ. ಒಪ್ಪದಿದ್ದರೂ ಬರೆಯಿರಿ. ಊರಿನಿಂದ ಕಾಗದ ಬಂದರೆ ಒಳ್ಳೆಯದು.

ಸವೇರಿಯೊ


ಪಿಯೆತ್ರಾಮಾರ, ಕಲಾಬ್ರಿಯಾ
10 ಮಾರ್ಚ್ 1957

ಮಾನ್ಯ ಸವೇರಿಯೊ ಅವರಿಗೆ,

ನಿಮ್ಮ ಕಾಗದ ಬಂತು. ಮಿಕೆಲಿನಾ ಅತ್ತೆ ನನ್ನ ಬಗ್ಗೆ ಏನು ಬರೆದಿದ್ದಾರೋ ತಿಳಿಯದು. ಅವರು ಯಾರನ್ನು ಹೊಗಳಿದರೂ ಒಂದು ಹಿಡಿ ಹೆಚ್ಚೇ ಹಾಕುತ್ತಾರೆ, ಬೈದರೂ ಅಷ್ಟೇ. ನನಗೆ ಇಪ್ಪತ್ತೊಂಬತ್ತು. ಐದನೆಯ ತರಗತಿಯವರೆಗೆ ಓದಿದ್ದೇನೆ. ಚಳಿಗಾಲದಲ್ಲಿ ಬೆರ್ಗಮಾಟ್ ಕಿತ್ತಳೆ ಕೊಯ್ಯುವ ಕೆಲಸ, ಬೇಸಿಗೆಯಲ್ಲಿ ಜಾಜಿ ಹೂ ಬಿಡಿಸುವ ಕೆಲಸ. ಮನೆಯಲ್ಲಿ ಮೇಕೆಗಳಿವೆ. ಒಳ್ಳೆಯ ಸಂಬಂಧ ಎಂದು ತಮ್ಮ ಕೋಸಿಮೊ ಹೇಳುತ್ತಾನೆ. ನನ್ನ ಕಡೆಯಿಂದ ಅಡ್ಡಿಯಿಲ್ಲ.

ಊರಿನಲ್ಲಿ ವಿಶೇಷವೇನಿಲ್ಲ. ಬೆರ್ಗಮಾಟ್ ಕೊಯ್ಲು ಮುಗಿಯುತ್ತಾ ಬಂತು. ಸಿಪ್ಪೆಯ ಎಣ್ಣೆ ಕೈಗೆ ಹತ್ತಿ ರೊಟ್ಟಿ ಮುರಿದರೆ ರೊಟ್ಟಿಯೂ ಕಹಿಯಾಗುತ್ತದೆ. ನಿನ್ನೆ ಆಫ್ರಿಕಾ ಕಡೆಯ ಬಿಸಿಗಾಳಿ ಬೀಸಿ ಒಣಹಾಕಿದ ಬಟ್ಟೆಯೆಲ್ಲ ಕೆಂಪು ಧೂಳಾಯಿತು, ಮತ್ತೆ ಒಗೆದೆ. ಸಂಜೆ ಗಾಳಿ ನಿಂತ ಮೇಲೆ ಸಮುದ್ರದಾಚೆ ಎತ್ನಾ ಪರ್ವತ ಕಾಣಿಸಿತು, ತುದಿಯಲ್ಲಿ ಹಿಮ, ಹಿಮದ ಮೇಲೆ ಹೊಗೆ. ಬಟ್ಟೆ ಹಿಂಡುತ್ತಿದ್ದವಳು ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದೆ. ಇದನ್ನೆಲ್ಲ ಏಕೆ ಬರೆದೆನೋ, ನೀವು ಕಂಡದ್ದೇ.

ಒರ್ಸೊಲಾ


ಉತ್ತರ ಕ್ವೀನ್ಸ್‌ಲ್ಯಾಂಡ್
28 ಏಪ್ರಿಲ್ 1957

ಒರ್ಸೊಲಾ ಅವರಿಗೆ,

ಒಪ್ಪಿಗೆ ತಿಳಿದು ಸಂತೋಷವಾಯಿತು. ಕಾಗದಪತ್ರದ ಕೆಲಸ ಶುರುಮಾಡಿಸುತ್ತೇನೆ, ಒಂದು ವರ್ಷ ಹಿಡಿಯಬಹುದು. ಜೂನ್‌ನಿಂದ ಕಬ್ಬು ಕಡಿಯುವ ಕಾಲ. ಕಡಿಯುವ ಮೊದಲು ಹೊಲಕ್ಕೆ ಬೆಂಕಿ ಹಾಕುತ್ತಾರೆ, ಆ ತಿಂಗಳುಗಳಲ್ಲಿ ನಾವೆಲ್ಲ ಮಸಿಯ ಬಣ್ಣಕ್ಕೆ ತಿರುಗಿರುತ್ತೇವೆ. ಬರೆಯುವುದು ತಡವಾದರೆ ತಪ್ಪು ತಿಳಿಯಬೇಡಿ.

ಒಂದೆರಡು ವಿಷಯ ತಿಳಿಸಿ. ಹೊಳೆಯ ಪಾತ್ರದ ಮೇಲಿನ ಇಳಿಜಾರಿನಲ್ಲಿ ನಮ್ಮ ಮೆಟ್ಟಿಲು ತೋಟವಿತ್ತು. ಅಪ್ಪ ಹೋಗುವ ಮುಂಚೆ ಅಲ್ಲಿ ಬೆರ್ಗಮಾಟ್ ಗಿಡ ನೆಟ್ಟಿದ್ದ, ಒಂದು ಕಲ್ಲಿನ ಗುಡಿಸಲೂ ಇತ್ತು. ಅತ್ತೆಯನ್ನು ಕೇಳಿದರೆ ಎಲ್ಲ ಸರಿಯಿದೆ ಎನ್ನುತ್ತಾರೆ. ಗಿಡಗಳು ಬದುಕಿವೆಯೇ? ಹೊಳೆಯಲ್ಲಿ ಕಣಗಿಲೆ ಈಗಲೂ ಹೂ ಬಿಡುತ್ತದೆಯೇ?

ಸವೇರಿಯೊ


ಪಿಯೆತ್ರಾಮಾರ
18 ಆಗಸ್ಟ್ 1957

ಸವೇರಿಯೊ ಅವರಿಗೆ,

ನಿಮ್ಮ ಆಸ್ತಿಯ ವಿಷಯ ಕೇಳಿದ್ದಿರಿ. ಯಾರಿಗಾದರೂ ಚಿಂತೆ ಇದ್ದೇ ಇರುತ್ತದೆ, ಹೋಗಿ ನೋಡಿ ಬಂದೆ. ಅತ್ತೆ ಆ ಕಡೆ ಹೋಗಿ ವರ್ಷಗಳೇ ಆಗಿವೆ. ಮುಳ್ಳುಬಳ್ಳಿ ಎದೆಯೆತ್ತರ ಬೆಳೆದಿದೆ, ಗುಡಿಸಲ ಮಾಡು ಅರ್ಧ ಕುಸಿದಿದೆ. ಕೆಲವು ಗಿಡ ಸತ್ತಿವೆ, ಉಳಿದವು ಹೇಗೋ ಜೀವ ಹಿಡಿದಿವೆ. ಭಾನುವಾರಗಳಲ್ಲಿ ಹೋಗಿ ಮುಳ್ಳು ಕಡಿದೆ, ಒಣಕೊಂಬೆ ತೆಗೆದೆ. ಅತ್ತೆಯ ಒಪ್ಪಿಗೆ ಪಡೆದೇ ಮಾಡಿದ್ದು. ಲೆಕ್ಕ ಇಡಬೇಡಿ, ನನಗೆ ಅಲ್ಲಿ ಹಿಡಿಸಿತು. ಕಣಗಿಲೆ ಹೊಳೆಯ ಉದ್ದಕ್ಕೂ ಹೂಬಿಟ್ಟಿದೆ. ನೀರಿಲ್ಲದ ಹೊಳೆ, ಕಲ್ಲಿನ ನಡುವೆ ಅದಕ್ಕೆ ಎಲ್ಲಿಂದ ಸಿಗುತ್ತದೋ.

ಈಗ ಜಾಜಿಯ ಕಾಲ. ಬೆಳಕು ಹರಿಯುವ ಮುಂಚೆ ಬಿಡಿಸಬೇಕು, ಬಿಸಿಲು ಬಿದ್ದರೆ ಹೂವಿನ ತೂಕವೂ ಇಳಿಯುತ್ತದೆ, ಪರಿಮಳವೂ ಹೋಗುತ್ತದೆ. ಸೊಂಟಕ್ಕೆ ಬುಟ್ಟಿ, ಮಂಡಿಯವರೆಗೆ ಇಬ್ಬನಿ, ಎಲ್ಲರದೂ ಸೋರುವ ಮೂಗು. ಬುಟ್ಟಿ ತುಂಬಿಸಿದರೂ ತಕ್ಕಡಿಗೆ ಹಾಕಿದಾಗ ಏನೂ ಇಲ್ಲ. ತೋಟದವನ ಮೇಸ್ತ್ರಿ ಹೂ ಒದ್ದೆಯಾಗಿದೆ ಎಂದು ಇನ್ನಷ್ಟು ಕಳೆಯುತ್ತಾನೆ, ನಾವು ಅವನಿಗೆ ಕೇಳುವಷ್ಟು ಮೆಲ್ಲಗೆ ಬೈಯುತ್ತೇವೆ. ಮೊನ್ನೆ ಪಕ್ಕದ ಸಾಲಿನ ಫಿಲೊಮೆನಾ ಕೇಳಿದಳು: "ಅಲ್ಲಮ್ಮ ಒರ್ಸೊಲಾ, ಅಲ್ಲಿಗೆ ಹೋಗಿ ಏನು ಮೂಸ್ತೀಯ, ಕಬ್ಬಾ?" ಎಲ್ಲರೂ ನಕ್ಕರು, ನಾನೂ ನಕ್ಕೆ. ಸೂರ್ಯ ಸಮುದ್ರದಿಂದ ಮೇಲೆ ಬರುವ ಹೊತ್ತಿಗೆ ಇಡೀ ಇಳಿಜಾರು ಬಿಳಿಯಿಂದ ಹಸಿರಾಗಿರುತ್ತದೆ, ನಾವೇ ಮಾಡಿದ್ದು. ಆಮೇಲೆ ದಾರಿಯಲ್ಲಿ ಪಾಪಾಸುಕಳ್ಳಿ ಹಣ್ಣು ಕಿತ್ತು ತಿನ್ನುತ್ತ ಮನೆಗೆ.

ಒರ್ಸೊಲಾ


ಉತ್ತರ ಕ್ವೀನ್ಸ್‌ಲ್ಯಾಂಡ್
20 ಅಕ್ಟೋಬರ್ 1957

ಒರ್ಸೊಲಾ ಅವರಿಗೆ,

ನಿಮ್ಮ ಕಾಗದವನ್ನು ಊಟದ ಬಿಡುವಿನಲ್ಲಿ ಓದಿದೆ, ಮತ್ತೆ ಸಂಜೆ ಓದಿದೆ. ನನ್ನ ತೋಟಕ್ಕೆ ನೀವು ಇಷ್ಟು ಮಾಡಿದ್ದು ನೋಡಿದರೆ ನೀವು ಈಗಲೇ ನನ್ನ ಮನೆಯವರಾಗಿದ್ದೀರಿ ಅನ್ನಿಸಿತು. ಬರುವುದಕ್ಕೆ ನಿಮಗೆಷ್ಟು ಆತುರವಿದೆ ಎಂದು ತಿಳಿಯಿತು. ನನಗೂ ಇದೆ. ಈಸ್ಟರ್ ಕಳೆದ ಮೇಲೆ, ಏಪ್ರಿಲ್ ಕೊನೆಯ ಭಾನುವಾರ ಮದುವೆ ಇಟ್ಟುಕೊಳ್ಳಬಹುದು ಎಂದು ನಿಮ್ಮ ಪಾದ್ರಿಗಳಿಗೆ ಬರೆಸಿದ್ದೇನೆ. ನನ್ನ ಬದಲು ಕೋಸಿಮೊ ನಿಲ್ಲಲಿ.

ತೋಟದ ವಿಷಯ ಇನ್ನೂ ಬರೆಯಿರಿ. ಊರಿನ ವಿಷಯವೂ. ಅಂಜೂರ ಈಗಲೂ ಬೆತ್ತದ ತಟ್ಟೆಯ ಮೇಲೆ ಒಣಗಿಸುತ್ತಾರೆಯೇ?

ಸವೇರಿಯೊ


ಪಿಯೆತ್ರಾಮಾರ
12 ಜನವರಿ 1958

ಸವೇರಿಯೊ ಅವರಿಗೆ,

ಅಂಜೂರ ಈಗಲೂ ಹಾಗೆಯೇ ಒಣಗಿಸುವುದು. ಈ ಸಲ ಸೆಪ್ಟೆಂಬರಿನಲ್ಲಿ ಮಳೆ ಹಿಡಿದು ಅರ್ಧ ಹಾಳಾಯಿತು. ಉಳಿದದ್ದಕ್ಕೆ ಬಾದಾಮಿ ತುಂಬಿಸಿ ಒಲೆಯಲ್ಲಿ ಇಟ್ಟು ಒಂದು ಡಬ್ಬಿ ನಿಮಗೆಂದು ಎತ್ತಿಟ್ಟಿದ್ದೇನೆ.

ಮದುವೆಯ ಸಿದ್ಧತೆ ನಡೆದಿದೆ. ವೈದ್ಯರ ಪರೀಕ್ಷೆಗೆ ರೆಜ್ಜೊ ಪಟ್ಟಣಕ್ಕೆ ಹೋಗಿದ್ದೆ, ಎಲ್ಲ ಸರಿಯಿದೆ ಎಂದರು. ಕೋಸಿಮೊಗೆ ನನ್ನ ಕೈಗೆ ಉಂಗುರ ತೊಡಿಸುವುದೆಂದರೆ ನಾಚಿಕೆ. "ಅಕ್ಕನಿಗೇ ಉಂಗುರ ತೊಡಿಸೋ ಗಂಡ ಆದೆ ಅಂತ ಊರೆಲ್ಲ ಆಡಿಕೊಳ್ಳುತ್ತೆ" ಎಂದು ಗೊಣಗುತ್ತಾನೆ. ಆದರೂ ದಿನಾಂಕ ನನಗಿಂತ ಅವನಿಗೇ ಚೆನ್ನಾಗಿ ನೆನಪಿರುತ್ತದೆ.

ನಾನೂ ಕೆಲವು ವಿಷಯ ಕೇಳುತ್ತೇನೆ. ನಿಮ್ಮ ಜಗಲಿಯಿಂದ ಏನು ಕಾಣುತ್ತದೆ? ಬೆಟ್ಟ ಇದೆಯೇ? ಸಮುದ್ರ ನಡೆದು ಹೋಗುವಷ್ಟು ದೂರವೇ? ಜಾಜಿ ನೆಟ್ಟರೆ ಬರುತ್ತದೆಯೇ? ಮೇಕೆ ಸಾಕಲು ಬಿಡುತ್ತಾರೆಯೇ? ಬೆಳಿಗ್ಗೆ ಎದ್ದು ನಾನು ಮೊದಲು ಎಲ್ಲಿಗೆ ಹೋಗುತ್ತೇನೆ? ಇಲ್ಲಿಯಾದರೆ ಕೊಡ ಹಿಡಿದು ನಲ್ಲಿಗೆ ಹೋಗುತ್ತೇನೆ, ಅಲ್ಲಿ ಯಾರಾದರೂ ಸಿಗುತ್ತಾರೆ.

ಒರ್ಸೊಲಾ


ಉತ್ತರ ಕ್ವೀನ್ಸ್‌ಲ್ಯಾಂಡ್
2 ಮಾರ್ಚ್ 1958

ಒರ್ಸೊಲಾ ಅವರಿಗೆ,

ಹಡಗಿನ ಟಿಕೆಟಿಗೆ ಏರ್ಪಾಡಾಗಿದೆ. ಮೇ ಕೊನೆಯಲ್ಲಿ ಮೆಸ್ಸಿನಾದಿಂದ. ಮನೆಗೆ ಬಣ್ಣ ಬಳಿಸಬೇಕೆಂದಿದ್ದೇನೆ, ಯಾವ ಬಣ್ಣ ಬೇಕೆಂದು ತಿಳಿಸಿ. ಜಗಲಿಯಿಂದ ಕಬ್ಬು ಕಾಣುತ್ತದೆ. ಉಳಿದದ್ದು ಬಂದ ಮೇಲೆ ನೀವೇ ನೋಡುವಿರಿ.

ಸವೇರಿಯೊ


ಪಿಯೆತ್ರಾಮಾರ
13 ಏಪ್ರಿಲ್ 1958

ಸವೇರಿಯೊ ಅವರಿಗೆ,

ಈ ಕಾಗದವನ್ನು ಮೂರು ಸಲ ಬರೆದು ಹರಿದಿದ್ದೇನೆ. ಈಗ ಉದ್ದಕ್ಕೂ ಬರೆದು ಅಂಚೆಗೆ ಹಾಕಿಬಿಡುತ್ತೇನೆ.

ಕೆಳಗಿನ ಓಣಿಯ ದೊಮಿನಿಕಾ ಗಂಡನ ಜೊತೆ ಆಸ್ಟ್ರೇಲಿಯಾದಿಂದ ವಾಪಸು ಬಂದಿದ್ದಾಳೆ. ಅವಳ ಗಂಡ ನಿಮ್ಮ ಗುಂಪಿನಲ್ಲೇ ಕಬ್ಬು ಕಡಿಯುತ್ತಿದ್ದನಂತೆ. ಊರಿನ ಒಲೆಯ ಹತ್ತಿರ ರೊಟ್ಟಿಗೆ ಕಾಯುತ್ತಿದ್ದಾಗ ಎಲ್ಲರೆದುರು ಅವಳು ಹೇಳಿದಳು: "ಸವೇರಿಯೊಗೆ ಮನೆನಾ? ಯಾರು ಹೇಳಿದ್ದು ನಿಂಗೆ? ತಗಡಿನ ಶೆಡ್ಡಲ್ಲಿ ಗಂಡಸರೆಲ್ಲ ಸಾಲಾಗಿ ಮಲಗ್ತಾರೆ. ಅವನ ಮಂಚ ಬಾಗಿಲ ಪಕ್ಕ."

ಮನೆಗೆ ಬಂದು ಕೋಸಿಮೊಗೆ ಹೇಳಿದೆ. ಹಾರಾಡಿದ. ಆದರೂ ಸಂಬಂಧ ಬಿಡಬಾರದು, ನಿಮ್ಮಿಂದ ಮನೆ ಕಟ್ಟುವ ಮಾತು ತೆಗೆದುಕೊಳ್ಳಬೇಕು ಎಂದ. ಮಿಕೆಲಿನಾ ಅತ್ತೆ ಅತ್ತರು. ಸುಳ್ಳು ಹೇಳಿದವನನ್ನು ಬಿಡುವುದಕ್ಕೆ ನನಗೆ ಯಾರ ಅಪ್ಪಣೆಯೂ ಬೇಕಿಲ್ಲ, ಊರೂ ನನ್ನ ಕಡೆಯೇ ಇರುತ್ತದೆ.

ಆದರೆ ಅದು ಕಾರಣವಲ್ಲ. ನನಗೇ ಅದು ಆ ರಾತ್ರಿ ತಿಳಿದದ್ದು. ದೊಮಿನಿಕಾ ಹೇಳಿದ್ದು ಕೇಳಿ ನನಗೆ ಸಿಟ್ಟು ಬರಬೇಕಿತ್ತು, ಬಂದದ್ದು ನೆಮ್ಮದಿ. ತಗಡಿನ ಶೆಡ್ಡಿಗೆ ನಾನು ಹೆದರುವವಳಲ್ಲ, ಹಾಸಿಗೆಗೆ ಅಡ್ಡ ಒಂದು ಬಟ್ಟೆ ಕಟ್ಟಿದರೆ ಅದೂ ಮನೆಯೇ. ನಿಮ್ಮ ಮೇಲೆಯೂ ನನಗೆ ಬೇಸರವಿಲ್ಲ. ನನಗೆ ಇಲ್ಲಿಂದ ಬರಲು ಮನಸ್ಸಿಲ್ಲ. ಇದ್ದದ್ದು ಇಷ್ಟೇ. ಮೊದಲೇ ಹೇಳಬೇಕಿತ್ತು. ಇಲ್ಲಿ ಏನಿದೆ ಎಂದು ಎಲ್ಲರೂ ಕೇಳುತ್ತಾರೆ. ಏನೂ ಇಲ್ಲ. ಕೆಲಸ ವರ್ಷದಲ್ಲಿ ಅರ್ಧ, ಬಸ್ಸು ಬಂದರೆ ಬಂತು, ಜ್ವರ ಬಂದರೆ ವೈದ್ಯರು ಹೊಳೆಯಾಚೆ. ಆದರೂ ಬೆಳಿಗ್ಗೆ ಬಾಗಿಲು ತೆಗೆದಾಗ ನಾನು ಎಲ್ಲಿ ನಿಂತಿದ್ದೇನೆಂದು ನನಗೆ ಗೊತ್ತಿರುತ್ತದೆ. ಬೇರೆಡೆ ಹಾಗಿರುತ್ತದೆ ಅನ್ನಿಸುವುದಿಲ್ಲ.

ನೀವೇ ಬನ್ನಿ ಎಂದು ಕೇಳುತ್ತಿದ್ದೇನೆ. ಹೆಣ್ಣು ಹೀಗೆ ಕೇಳಬಾರದು ಅನ್ನುತ್ತಾರೆ, ಅನ್ನಲಿ. ನಿಮ್ಮ ಗಿಡಗಳು ಈ ವರ್ಷ ಹೂ ಬಿಟ್ಟಿವೆ. ನಾನು ದುಡಿಯುತ್ತೇನೆ. ಬರಲಾಗದಿದ್ದರೆ ಹಾಗೆಂದು ಬರೆಯಿರಿ. ಪಾದ್ರಿಗಳಿಗೆ ಮದುವೆ ನಿಲ್ಲಿಸಲು ಹೇಳಿದ್ದೇನೆ.

ಒರ್ಸೊಲಾ


ಉತ್ತರ ಕ್ವೀನ್ಸ್‌ಲ್ಯಾಂಡ್
11 ಮೇ 1958

ಒರ್ಸೊಲಾ ಅವರಿಗೆ,

ಟಿಕೆಟು ರದ್ದು ಮಾಡಿಸಿದ್ದೇನೆ. ದೊಮಿನಿಕಾ ಹೇಳಿದ್ದು ನಿಜ. ಮನೆ ನೀವು ಬರುವುದರೊಳಗೆ ಆಗುತ್ತಿತ್ತು.

ಬನ್ನಿ ಎಂದು ಬರೆಯುವುದು ಸುಲಭ. ಇಪ್ಪತ್ತೆರಡು ವರ್ಷ ಹೊರಗಿದ್ದು ಬರಿಗೈಯಲ್ಲಿ ಬಂದವನನ್ನು ಪಿಯೆತ್ರಾಮಾರ ಹೇಗೆ ನೋಡುತ್ತದೆಂದು ನಿಮಗೂ ಗೊತ್ತು, ನನಗೂ ಗೊತ್ತು. ಅಪ್ಪನ ಗೋರಿ ಇಲ್ಲಿದೆ. ನಿಮ್ಮ ಕಾಗದಗಳು ವಾಪಸು ಬೇಕಿದ್ದರೆ ತಿಳಿಸಿ, ಕಳಿಸುತ್ತೇನೆ.

ಸವೇರಿಯೊ


ಪಿಯೆತ್ರಾಮಾರ
29 ಜೂನ್ 1958

ಸವೇರಿಯೊ ಅವರಿಗೆ,

ಕಾಗದಗಳು ನಿಮ್ಮ ಹತ್ತಿರವೇ ಇರಲಿ. ನಿಮಗೆಂದೇ ಬರೆದದ್ದು.

ಈಗ ಬೇರೆ ವಿಷಯ. ನಾನು ನಿಮಗೆ ತಿಳಿಸದೇ ಇದ್ದದ್ದೊಂದಿದೆ. ಕೋಸಿಮೊ ಐದಾ ಎಂಬ ಹುಡುಗಿಯನ್ನು ಮದುವೆಯಾಗಬೇಕು. ನಮ್ಮ ಮನೆಗೆ ಇರುವುದು ಒಂದೇ ಕೋಣೆ, ನಾನು ಹೋದರೆ ಮಾತ್ರ ಅವಳಿಗೆ ಜಾಗ. ನನ್ನ ಸಂಬಂಧಕ್ಕೆ ಅವನಿಗೆ ಆತುರವಿದ್ದದ್ದು ಅದಕ್ಕೆ. ಮದುವೆ ನಿಂತ ದಿನ ಅವನು ಹೇಳಿದ: "ಇಡೀ ಊರು ಹಡಗಿಗೆ ಅಳ್ತಾ ಕೂತಿದೆ. ನೀನು ಬಂದದ್ದನ್ನ ಕಾಲಲ್ಲಿ ಒದ್ದೆ. ಈಗ ನಾನೇನು ಮಾಡ್ಲಿ?" ಅವನು ಕೆಟ್ಟವನಲ್ಲ. ಅವರಿಗೆ ಆ ಕೋಣೆ ನಾನೇ ಬಿಟ್ಟುಕೊಡಬೇಕು.

ಆದ್ದರಿಂದ ನಿಮ್ಮ ಗುಡಿಸಲಿನಲ್ಲಿ ಗೇಣಿಗೆ ಇರಲು ಕೇಳುತ್ತಿದ್ದೇನೆ. ಈ ಕಡೆಯ ಪದ್ಧತಿಯಂತೆ ಫಲದಲ್ಲಿ ಅರ್ಧ ಒಡೆಯನಿಗೆ. ನೀವು ಬಂದರೂ ಬರದಿದ್ದರೂ, ಬೇರೆಯವರನ್ನು ಮದುವೆಯಾದರೂ ಇದರಲ್ಲಿ ಬದಲಾವಣೆಯಿಲ್ಲ. ನಿಮ್ಮ ಉತ್ತರ ಬರುವವರೆಗೆ ಇರಲೇ ಎಂದು ಅತ್ತೆಯನ್ನು ಕೇಳಿದೆ. ಅತ್ತೆ ಸೊಂಟದ ಮೇಲೆ ಕೈಯಿಟ್ಟು, "ಮದುವೆ ಬೇಡ, ಗಂಡನ ಗುಡಿಸಲು ಬೇಕು. ಇದ್ಯಾವ ಸೀಮೆ ನ್ಯಾಯವೇ?" ಅಂದರು. ಆಮೇಲೆ ಒಳಗೆ ಹೋಗಿ ಬೀಗದ ಕೈ ತಂದುಕೊಟ್ಟರು. ಅಲ್ಲಿ ಬಾಗಿಲೇ ಇಲ್ಲದಿರುವುದು ಅವರಿಗೆ ಗೊತ್ತಿಲ್ಲ.

ಒರ್ಸೊಲಾ


ಪಿಯೆತ್ರಾಮಾರ
7 ಡಿಸೆಂಬರ್ 1958

ಸವೇರಿಯೊ ಅವರಿಗೆ,

ನಿಮ್ಮಿಂದ ಉತ್ತರ ಬಂದಿಲ್ಲ. ಬೇಡವೆಂದು ಬರೆದಿಲ್ಲವಾದ್ದರಿಂದ ಜಾಜಿ ಮುಗಿದ ಮೇಲೆ ಗುಡಿಸಲಿಗೆ ಬಂದೆ. ಮಾಡು ಹಾಕಿಸಿದೆ, ಬಾಗಿಲು ಕೋಸಿಮೊ ಮಾಡಿಕೊಟ್ಟ. ಮುಖ ಊದಿಸಿಕೊಂಡೇ ಬಂದು ಕೂರಿಸಿದ, ಹೋಗುವಾಗ ಸಂದಿನಲ್ಲಿ ಗಾಳಿ ಬಂದರೆ ಹೇಳು ಅಂದ. ಜನವರಿಯಲ್ಲಿ ಅವನ ಮದುವೆ.

ನವೆಂಬರಿನ ಬಿರುಗಾಳಿಯಲ್ಲಿ ಹೊಳೆ ಎರಡೂ ದಂಡೆ ತುಂಬಿ ಬಂತು. ಬಂಡೆಗಳು ಉರುಳುವ ಸದ್ದು ಗೋಡೆಯೊಳಗೆ ಕೇಳುತ್ತಿತ್ತು. ಮೇಕೆಗಳನ್ನು ಒಳಗೆ ಕರೆದುಕೊಂಡು ಕೂತಿದ್ದೆ. ಹೆದರಿಕೆಯಾಯಿತು, ಇಲ್ಲವೆಂದರೆ ಸುಳ್ಳು. ಬೆಳಿಗ್ಗೆ ನೋಡಿದರೆ ನೀರು ಒಂದು ಮೆಟ್ಟಿಲು ಕೆಳಗೇ ನಿಂತಿತ್ತು.

ಬೆರ್ಗಮಾಟ್ ಕಡಿಮೆ. ನಿಮ್ಮ ಪಾಲು ಅತ್ತೆಗೆ ಕೊಡುತ್ತೇನೆ. ನನಗೆ ಬರೆಯದಿದ್ದರೂ ಚಿಂತೆಯಿಲ್ಲ, ಬದುಕಿದ್ದೀರೆಂದು ಅತ್ತೆಗಾದರೂ ತಿಳಿಸಿ.

ಒರ್ಸೊಲಾ


ಉತ್ತರ ಕ್ವೀನ್ಸ್‌ಲ್ಯಾಂಡ್
8 ಫೆಬ್ರವರಿ 1959

ಪ್ರೀತಿಯ ಒರ್ಸೊಲಾ,

ಬದುಕಿದ್ದೇನೆ. ಬರೆಯಲು ಕೂತಾಗಲೆಲ್ಲ ಹೆಸರು ಬರೆದು ನಿಲ್ಲಿಸುತ್ತಿದ್ದೆ.

ಮಿಕೆಲಿನಾ ಅತ್ತೆ ನಿಮ್ಮ ಮೇಲೆ ನಾಲ್ಕು ಪುಟ ದೂರು ಬರೆದಿದ್ದಾರೆ. ಗುಡಿಸಲಿಗೆ ಸುಣ್ಣ ಬಳಿದಿದ್ದೀರಂತೆ, ಕೇಳದೆ ಜಾಜಿ ನೆಟ್ಟಿದ್ದೀರಂತೆ, ಜ್ವರವಿದ್ದಾಗ ಇವರು ಗಂಜಿ ತಂದರೆ ತೋಟದಲ್ಲಿ ಗುದ್ದಲಿ ಹಿಡಿದು ನಿಂತಿದ್ದಿರಂತೆ. ಕೊನೆಯಲ್ಲಿ, "ಇಂಥ ಮೊಂಡಿ ನಮ್ಮ ಮನೆಗೆ ಬಾರದಿದ್ದದ್ದೇ ಒಳ್ಳೆಯದು, ಆದರೂ ಯೋಚಿಸು" ಎಂದು ಬರೆದಿದ್ದಾರೆ. ಶೆಡ್ಡಿನಲ್ಲಿ ಕೂತು ಜೋರಾಗಿ ನಕ್ಕೆ. ಪಕ್ಕದ ಮಂಚದವನು ಹುಷಾರಿದ್ದೀಯಾ ಎಂದು ಕೇಳಿದ.

ಕಬ್ಬಿನ ಕಾಲ ಮುಗಿದ ಮೇಲೆ ನಿಜವಾಗಿ ಒಂದು ಮನೆ ನೋಡಲು ಹೋದೆ. ಎರಡು ಕೋಣೆ, ಜಗಲಿ, ನಾನು ಬರೆದಿದ್ದಂಥದ್ದೇ. ಮುಂಗಡ ಕೊಡುವಷ್ಟು ಮಾತ್ರ ಕೂಡಿತ್ತು. ಜಗಲಿಯಲ್ಲಿ ನಿಂತೆ. ಮುಂದೆ ಕಬ್ಬು, ಆಚೆಗೂ ಕಬ್ಬು. ಇಲ್ಲಿ ಕೂತು ಏನು ಮಾಡುತ್ತೇನೆ ಎಂದು ಯೋಚಿಸಿದರೆ ನಿಮ್ಮ ಕಾಗದ ಓದುವುದು ಬಿಟ್ಟು ಬೇರೇನೂ ಹೊಳೆಯಲಿಲ್ಲ. ಮನೆಯವನಿಗೆ ಬೇಡವೆಂದು ಹೇಳಿ ಬಂದೆ. ಯುದ್ಧದ ಕಾಲದಲ್ಲಿ ಇಟಲಿಯವರೆಂದು ನಮ್ಮನ್ನು ತಂತಿಬೇಲಿಯೊಳಗೆ ಇಟ್ಟಿದ್ದರು. ಅಪ್ಪ ಅಲ್ಲಿ ದಿನವೂ ಸಂಜೆ ತೋಟದ ಗಿಡಗಳ ಮಾತಾಡುತ್ತಿದ್ದ, ನನಗೆ ಕೇಳಿ ಕೇಳಿ ಸಾಕಾಗಿತ್ತು. ಅವನ ಗೋರಿಯ ಹುಲ್ಲು ಕತ್ತರಿಸಲು ಪಕ್ಕದ ಊರಿನ ಸಿಸಿಲಿಯವನಿಗೆ ಹೇಳಿದ್ದೇನೆ.

ಈ ವರ್ಷ ಕಬ್ಬಿಗೆ ಇಳಿಯುವುದಿಲ್ಲ. ಜುಲೈ ಹಡಗಿಗೆ ಹೆಸರು ಕೊಟ್ಟಿದ್ದೇನೆ. ಆಗಸ್ಟ್ ಕೊನೆಗೆ ಮೆಸ್ಸಿನಾ. ಮದುವೆಯ ಹಕ್ಕು ಹೇಳಿಕೊಂಡು ಬರುತ್ತಿಲ್ಲ. ನನ್ನನ್ನು ನೋಡಿ ನಿಮಗೆ ಬೇಡವೆನ್ನಿಸಿದರೆ ಅತ್ತೆಯ ಕೋಳಿಗಳ ಜೊತೆ ಇರುತ್ತೇನೆ, ಗುಡಿಸಲು ನಿಮ್ಮದೇ. ಊರಿನವರು ಏನು ತಂದೆ ಎಂದು ಕೇಳಿದರೆ ಏನು ಹೇಳಲಿ, ಅದೊಂದು ಗೊತ್ತಿಲ್ಲ.

ಸವೇರಿಯೊ


ಪಿಯೆತ್ರಾಮಾರ
9 ಆಗಸ್ಟ್ 1959
(ಮೆಸ್ಸಿನಾ ಬಂದರಿನ ಹಡಗು ಕಚೇರಿಯಲ್ಲಿ ಕೊಡುವುದು)

ಸವೇರಿಯೊ,

ಈ ಕಾಗದ ನಿನ್ನ ಕೈಗೆ ಸಿಗುವ ಹೊತ್ತಿಗೆ ನೀನು ಇಳಿದಿರುತ್ತೀಯ. ಮೆಸ್ಸಿನಾದಿಂದ ದೋಣಿ ಹತ್ತಿ ಈಚೆ ದಡಕ್ಕೆ ಬಾ. ಆಮೇಲೆ ರೈಲು. ಎಡಗಡೆ ಕೂರಬೇಡ, ಬಲಗಡೆ ಕೂತರೆ ದಾರಿಯುದ್ದಕ್ಕೂ ಸಮುದ್ರ. ದೊಡ್ಡ ನಿಲ್ದಾಣದಲ್ಲಿ ಇಳಿಯಬೇಡ, ಅಲ್ಲಿಂದ ಬರುವ ಬಸ್ಸು ಕೆಟ್ಟು ನಿಂತು ತಿಂಗಳಾಯಿತು. ಮುಂದಿನ ಸಣ್ಣ ನಿಲ್ದಾಣದಲ್ಲಿ ಇಳಿದು ಹೊಳೆಯ ಪಾತ್ರದಲ್ಲೇ ಮೇಲಕ್ಕೆ ನಡೆ. ಒಳ್ಳೆಯ ಬೂಟು ಹಾಕಿಕೊಂಡಿದ್ದರೆ ತೆಗೆದು ಕೈಯಲ್ಲಿ ಹಿಡಿದುಕೋ, ಕಲ್ಲು ತಿಂದುಬಿಡುತ್ತದೆ.

ನಿಲ್ದಾಣಕ್ಕೆ ನಾನು ಬರುವುದಿಲ್ಲ. ಬೆಳಿಗ್ಗೆ ಹೂ ತೂಗುವವರೆಗೆ ಬಿಡಲಾಗದು. ಈ ವರ್ಷ ಒದ್ದೆ ಹೂವಿಗೆಂದು ಕಳೆಯುವುದನ್ನು ನಿಲ್ಲಿಸುವವರೆಗೆ ನಾವು ಹೆಂಗಸರೆಲ್ಲ ಬುಟ್ಟಿ ಕೆಳಗಿಟ್ಟು ಕೂತಿದ್ದೆವು. ನಿಲ್ಲಿಸಿದರು. ಅದಕ್ಕೇ ಈಗ ಒಬ್ಬಳೂ ತಪ್ಪಿಸಿಕೊಳ್ಳುವ ಹಾಗಿಲ್ಲ. ನಿನ್ನನ್ನು ಕರೆತರಲು ಬ್ಯಾಂಡಿನವರನ್ನು ಕಳಿಸುತ್ತೇನೆ ಎಂದು ಅತ್ತೆ ಹೊರಟಿದ್ದರು, ತಡೆದಿದ್ದೇನೆ. ಏನು ತಂದೆ ಎಂದು ಯಾರಾದರೂ ಕೇಳಿದರೆ, ಹಸಿವು ತಂದಿದ್ದೀನಿ ಅನ್ನು. ಈ ಊರಿನಲ್ಲಿ ಅದರ ಮೇಲೆ ಯಾರೂ ಮಾತಾಡುವುದಿಲ್ಲ, ಎಲೆಯಲ್ಲಿ ಸುತ್ತಿದ ರಿಕೋತ್ತಾ ಗಿಣ್ಣು ತಂದು ಮುಂದಿಡುತ್ತಾರೆ.

ನನಗೂ ಹೆದರಿಕೆಯಿದೆ. ಒಬ್ಬಳೇ ಇದ್ದು ಅಭ್ಯಾಸವಾಗಿದೆ, ನೀನೂ ಹೇಗಿರುತ್ತೀಯೋ. ಹಿಡಿಸದಿದ್ದರೆ ಮುಖದೆದುರು ಹೇಳು, ನಾನೂ ಹೇಳುತ್ತೇನೆ. ಆದರೆ ಮೊದಲ ದಿನವೇ ಬೇಡ.

ಬಾಗಿಲು ತೆಗೆದೇ ಇರುತ್ತದೆ. ಸಾರು ಒಲೆಯ ಪಕ್ಕ, ರೊಟ್ಟಿ ಬಟ್ಟೆಯ ಕೆಳಗೆ. ನೀನು ಬರುವ ಗುರುವಾರ ನಮ್ಮ ತೋಟಕ್ಕೆ ಕಾಲುವೆ ನೀರಿನ ಸರದಿ, ಸಂಜೆ ಬಿಡುತ್ತಾರೆ. ಮೇಲಿನ ಮೆಟ್ಟಿಲಲ್ಲಿ ಒಬ್ಬರು ತೂಬು ತೆಗೆಯಬೇಕು, ಕೆಳಗೆ ಒಬ್ಬರು ಪಾತಿ ಕಟ್ಟಬೇಕು. ಈವರೆಗೆ ಎರಡು ಕಡೆಗೂ ನಾನೇ ಓಡುತ್ತಿದ್ದೆ. ನೀನು ಉಂಡು ಮಲಗಿರು. ನೀರು ಬಂದಾಗ ಎಬ್ಬಿಸುತ್ತೇನೆ.

ಒರ್ಸೊಲಾ